ನೀರಿನ ಲೆಕ್ಕ ಯಾರ ಸೊತ್ತು?

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕಕ್ಕೆ ಒಂದು ಪುಸ್ತಕವುಂಟು. ಅಂಗಡಿಯ ಸಾಲಕ್ಕೆ ಇನ್ನೊಂದುಂಟು. ಮದುವೆ ಮುಂಜಿಗಳಲ್ಲಿ ಬಂದ ಮುಯ್ಯಿಯನ್ನು ಬರೆದಿಡುವುದಕ್ಕೆ ಮೂರನೆಯದೊಂದುಂಟು. ಆದರೆ ಈ ಮೂರಕ್ಕೂ ಮೂಲವಾದ ನೀರಿನ ಲೆಕ್ಕಕ್ಕೆ ಮಾತ್ರ ಪುಸ್ತಕವಿಲ್ಲ. ನಮ್ಮ ಮನೆಯೊಂದರ ಮಾತಲ್ಲ ಇದು. ಪಾವಗಡದ ಕಡೆಯ ನಮ್ಮ ಬಯಲು ಸೀಮೆಯಲ್ಲಿ ಯಾವ ಮನೆಯಲ್ಲಿಯೂ ಇಲ್ಲ. ಮಳೆ ಬಂದರೆ ‘ಒಳ್ಳೆಯ ಮಳೆ’ ಎನ್ನುತ್ತೇವೆ. ಬಾರದಿದ್ದರೆ ‘ಕಾಲ ಕೆಟ್ಟಿತು’ ಎನ್ನುತ್ತೇವೆ. ಎಷ್ಟು ಬಂತು, ಎಷ್ಟು ಇಂಗಿತು, ಎಷ್ಟನ್ನು ನಾವು ಎತ್ತಿದೆವು, ಎಷ್ಟು ಉಳಿಯಿತು ಎಂದು ಕೇಳಿದರೆ ಆಕಾಶ ನೋಡುತ್ತೇವೆ. ಭೂಗೋಳ ಮತ್ತು ಅರ್ಥಶಾಸ್ತ್ರಗಳನ್ನು ಐಚ್ಛಿಕವಾಗಿ ತೆಗೆದುಕೊಂಡ ನಾನು ಈ ಮೂರು ವರ್ಷಗಳಲ್ಲಿ ಓದಿ, ಕೇಳಿ, ಸ್ವಲ್ಪ ಮಟ್ಟಿಗೆ ಮಾಡಿಯೂ ನೋಡಿ ತಿಳಿದುಕೊಂಡದ್ದನ್ನು ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಅಳತೆಯ ಮಾತು. ನೀರನ್ನು ಅಳೆಯುವುದು ನಾವು ಭಾವಿಸಿರುವಷ್ಟು ಕಠಿಣವಾದ ವಿದ್ಯೆಯಲ್ಲ. ಒಂದು ಎಕರೆ ಎಂದರೆ ಸುಮಾರು 4047 ಚದರ ಮೀಟರು. ಅದರ ಮೇಲೆ ಒಂದೇ ಒಂದು ಸೆಂಟಿಮೀಟರ್ ಮಳೆ ಬಿದ್ದರೂ ಬಿದ್ದ ನೀರು ಸುಮಾರು 40,000 ಲೀಟರು. ಕಾವೇರಿಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣುವ ‘ಟಿ.ಎಂ.ಸಿ.’ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರು. ಇಷ್ಟನ್ನು ತಿಳಿದವನಿಗೆ ಪತ್ರಿಕೆಯ ಅಂಕಿಗಳು ಬೆದರಿಸುವ ಸಂಖ್ಯೆಗಳಾಗಿ ಉಳಿಯದೆ ಅರ್ಥವುಳ್ಳ ಮಾತುಗಳಾಗುತ್ತವೆ.

ಇದು ಪಶ್ಚಿಮದಿಂದ ಬಂದ ಹೊಸ ಬುದ್ಧಿಯೆಂದೂ ತಿಳಿಯಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಒಂದು ಅರತ್ನಿ ಅಗಲದ ಬಾಯಿಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ಯಾವ ದೇಶಕ್ಕೆ ಎಷ್ಟು ದ್ರೋಣ ಮಳೆಯೆಂಬುದನ್ನು ಅವನು ಬೇಸಾಯದ ಪ್ರಕರಣದಲ್ಲಿ ಹೇಳುತ್ತಾನೆ. ಅಷ್ಟು ದೂರ ಹೋಗುವುದೇಕೆ? ನಮ್ಮ ಅಜ್ಜಿ ಅಂಗಳದ ಒರಳುಕಲ್ಲು ತುಂಬಿತೇ ಇಲ್ಲವೇ ಎಂದು ನೋಡಿಯೇ ಮಳೆಯ ಮಾತಾಡುತ್ತಿದ್ದಳು. ಅಜ್ಜ ಹೊಲದ ಮಣ್ಣನ್ನು ಕೆದಕಿ, ತೇವ ಎಷ್ಟು ಬೆರಳು ಇಳಿದಿದೆ ಎಂದು ನೋಡಿ ‘ಹದ’ ಆಯಿತೆನ್ನುತ್ತಿದ್ದನು. ಕೆರೆಯುಳ್ಳ ಊರುಗಳಲ್ಲಿ ನೀರುಗಂಟಿಯು ತೂಬಿನ ಬಳಿ ನಿಂತು ಕೆರೆಯಲ್ಲಿ ಎಷ್ಟು ನೀರಿದೆ, ಅದು ಎಷ್ಟು ಗದ್ದೆಗೆ ಸಾಕು ಎಂಬುದನ್ನು ಊರವರೆದುರಿಗೇ ಹೇಳುತ್ತಿದ್ದನು. ಅವನ ಲೆಕ್ಕ ಸ್ಥೂಲವಾದದ್ದಿರಬಹುದು. ಆದರೆ ಅದರಲ್ಲಿ ಒಂದು ಗುಣವಿತ್ತು: ಅದು ಎಲ್ಲರ ಕಣ್ಣೆದುರಿಗಿತ್ತು. ಕೆರೆಯ ನೀರು ಕೋಡಿಯಿಂದ ಎಷ್ಟು ಕೆಳಗಿದೆ ಎಂಬುದನ್ನು ಕುರುಬರ ಹುಡುಗನೂ ನೋಡಬಹುದಾಗಿತ್ತು.

ಕೊಳವೆ ಬಾವಿಗಳು ಬಂದ ಮೇಲೆ ಈ ಗುಣ ಹೋಯಿತು. ನೀರು ಕಣ್ಣಿಗೆ ಮರೆಯಾಗಿ ನೆಲದೊಳಕ್ಕೆ ಸರಿಯಿತು. ಅದರೊಡನೆ ಲೆಕ್ಕವೂ ಮರೆಯಾಯಿತು. ನಮ್ಮ ಸೀಮೆಯ ನೆಲ ಕಣಶಿಲೆ ಮತ್ತು ನೈಸ್ ಎಂಬ ಗಟ್ಟಿ ಬಂಡೆಯದು. ಮೇಲಿನ ಶಿಥಿಲವಾದ ಪದರದಲ್ಲಿಯೂ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರವೇ ನೀರು ನಿಲ್ಲುತ್ತದೆ. ಆದುದರಿಂದ ಒಬ್ಬನ ಬಾವಿಯಲ್ಲಿ ನೀರಿದ್ದ ಮಾತ್ರಕ್ಕೆ ನೂರು ಗಜದಾಚೆಯ ಇನ್ನೊಬ್ಬನ ಬಾವಿಯಲ್ಲಿ ಇರಬೇಕೆಂಬ ನಿಯಮವಿಲ್ಲ. ಒಬ್ಬನ ಅನುಭವ ಇನ್ನೊಬ್ಬನಿಗೆ ದಾರಿ ತೋರಲಾರದು. ಹಲವರ ಅಳತೆಗಳನ್ನು ಒಟ್ಟಿಗಿಟ್ಟಾಗ ಮಾತ್ರ ಊರಿನ ನೀರಿನ ಚಿತ್ರ ಮೂಡುತ್ತದೆ. ಈ ಒಂದು ಸಂಗತಿಯೇ ನೀರಿನ ಲೆಕ್ಕ ಏಕೆ ಒಬ್ಬನ ಸೊತ್ತಾಗಿರಕೂಡದೆಂಬುದಕ್ಕೆ ಸಾಕಾದ ಕಾರಣ.

ಇಲ್ಲಿ ನಮ್ಮ ಮನೆಯ ಒಂದು ಕಥೆಯನ್ನು ಹೇಳುವುದು ಅನಿವಾರ್ಯ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತಂದೆಯವರು ಸಾಲ ಮಾಡಿ ಒಂದು ಕೊಳವೆ ಬಾವಿ ಕೊರೆಸಿದರು. ಬೆಳಗಿನ ಜಾವದ ತನಕ ಯಂತ್ರ ಅರಚಿತು, ಬಿಳಿಯ ಧೂಳು ತೆಂಗಿನ ಗರಿಗಳ ಮೇಲೆಲ್ಲ ಕೂತಿತು, ನೀರು ಬರಲಿಲ್ಲ. ಆ ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಆಶ್ಚರ್ಯವೇನೆಂದರೆ, ನಮ್ಮ ಹೊಲದಿಂದ ಅರ್ಧ ಮೈಲಿಯೊಳಗೆ, ಶಾಲೆಯ ಹಿಂದುಗಡೆ ಮುಚ್ಚಳವುಳ್ಳ ಒಂದು ಕಬ್ಬಿಣದ ಕೊಳವೆಯಿತ್ತು. ವರ್ಷಕ್ಕೆ ನಾಲ್ಕು ಸಲ ಜೀಪಿನಲ್ಲಿ ಒಬ್ಬರು ಬಂದು, ಅದರೊಳಕ್ಕೆ ಟೇಪು ಇಳಿಬಿಟ್ಟು, ಏನನ್ನೋ ಬರೆದುಕೊಂಡು ಹೋಗುತ್ತಿದ್ದರು. ಅವರು ಏನು ಬರೆಯುತ್ತಾರೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾವಿ ವಿಫಲವಾದ ಮೇಲೆ ತಂದೆಯವರು ಒಂದು ಕಚೇರಿಗೆ ಹೋಗಿ ವಿಚಾರಿಸಿದರು. ಅರ್ಜಿ ಕೊಡಿರೆಂದರು, ಕೊಟ್ಟರು, ಉತ್ತರ ಬರಲಿಲ್ಲ. ನಮ್ಮ ಊರಿನ ನೀರು ವರ್ಷ ವರ್ಷಕ್ಕೂ ಎಷ್ಟು ಕೆಳಗಿಳಿಯುತ್ತಿದೆಯೆಂಬುದು ಎಲ್ಲೋ ಒಂದು ಪುಸ್ತಕದಲ್ಲಿ ಬರೆದಿತ್ತು. ನಮ್ಮ ಊರಿನವರಿಗೊಬ್ಬರಿಗೆ ಮಾತ್ರ ಅದು ತಿಳಿದಿರಲಿಲ್ಲ.

ಕಾಲೇಜಿಗೆ ಬಂದ ಮೇಲೆ ಆ ಕೊಳವೆಯ ಅರ್ಥ ನನಗೆ ತಿಳಿಯಿತು. ಕೇಂದ್ರ ಅಂತರ್ಜಲ ಮಂಡಳಿಯು ದೇಶದಾದ್ಯಂತ ವೀಕ್ಷಣಾ ಬಾವಿಗಳನ್ನಿಟ್ಟುಕೊಂಡು ಜನವರಿ, ಮುಂಗಾರಿಗೆ ಮುಂಚಿನ ಬೇಸಗೆ, ಆಗಸ್ಟ್ ಮತ್ತು ನವೆಂಬರ್ ಹೀಗೆ ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟವನ್ನು ಅಳೆಯುತ್ತದೆ. ರಾಜ್ಯ ಸರಕಾರಕ್ಕೂ ತನ್ನವೇ ಆದ ವೀಕ್ಷಣಾ ಬಾವಿಗಳುಂಟು. ನದಿಗಳ ಹರಿವನ್ನು ಕೇಂದ್ರ ಜಲ ಆಯೋಗ ಅಳೆಯುತ್ತದೆ. ಮಳೆಯ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡಬಹುದಾದ ಕೆಲಸ ನಡೆದಿದೆ: 1988ರಲ್ಲಿ ಬರದ ಪರಿಶೀಲನೆಗೆಂದು ಆರಂಭವಾದ ಒಂದು ಚಿಕ್ಕ ಘಟಕವೇ ಬೆಳೆದು ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಮಿಕ್ಕಿದ ಮಳೆಮಾಪಕಗಳನ್ನು ನೆಟ್ಟು, ಹದಿನೈದು ನಿಮಿಷಕ್ಕೊಮ್ಮೆ ಅವುಗಳಿಂದ ಸುದ್ದಿ ತರಿಸಿಕೊಳ್ಳುವ ವ್ಯವಸ್ಥೆ ಮಾಡಿತು. ‘ವರುಣಮಿತ್ರ’ ಎಂಬ ದೂರವಾಣಿ ಸೇವೆಯ ಮೂಲಕ ರೈತನು ಕನ್ನಡದಲ್ಲಿಯೇ ಕೇಳಿ ತಿಳಿಯುವಂತೆ ಮಾಡಿತು.

ಅಳೆದ ಅಂಕಿಗಳು ಜನರಿಗೆ ಸಿಗಬೇಕೆಂಬುದು ಈಗ ಸರಕಾರದ ಒಪ್ಪಿತ ನೀತಿಯೇ ಆಗಿದೆ. 2012ರ ರಾಷ್ಟ್ರೀಯ ಜಲನೀತಿಯು ದೇಶದ ಭದ್ರತೆಯ ಕಾರಣದಿಂದ ಗುಪ್ತವಾಗಿಟ್ಟವುಗಳ ಹೊರತು ಉಳಿದೆಲ್ಲ ಜಲಮಾಹಿತಿ ಸಾರ್ವಜನಿಕವಾಗಿರಬೇಕೆಂದು ಹೇಳಿತು. ಅದಕ್ಕೂ ಮುನ್ನ, 2008ರಲ್ಲಿ, ಕೇಂದ್ರ ಜಲ ಆಯೋಗವೂ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೂ ಕೈಜೋಡಿಸಿ ದೇಶದ ಜಲಸಂಪತ್ತಿನ ಮಾಹಿತಿಯನ್ನು ಒಂದೆಡೆ ಕೂಡಿಸುವ ಕೆಲಸಕ್ಕೆ ತೊಡಗಿದ್ದವು. 2018ರಲ್ಲಿ ಇದಕ್ಕೆಂದೇ ರಾಷ್ಟ್ರೀಯ ಜಲಮಾಹಿತಿ ಕೇಂದ್ರ ಸ್ಥಾಪನೆಯಾಯಿತು. ನನ್ನ ತಂದೆಯವರು ಅರ್ಜಿ ಬರೆದು ಕಾಯ್ದ ಅಂಕಿಗಳಂಥವನ್ನು ಈಗ ನಾನು ಕಾಲೇಜಿನ ಗಣಕಯಂತ್ರದಲ್ಲಿ ಅರ್ಜಿಯಿಲ್ಲದೆ ನೋಡಬಲ್ಲೆ.

ಹಾಗಾದರೆ ಸಮಸ್ಯೆ ತೀರಿತೇ? ತೀರಲಿಲ್ಲ. ತೆರೆದಿರುವುದೇ ಬೇರೆ, ಎಟುಕುವುದೇ ಬೇರೆ. ಬಾಗಿಲು ತೆಗೆದಿದ್ದರೂ ಹೊಸ್ತಿಲು ಎದೆಯೆತ್ತರವಿದ್ದರೆ ಒಳಗೆ ಹೋಗುವವರಾರು? ಆ ಕೋಷ್ಟಕಗಳು ಇಂಗ್ಲಿಷಿನಲ್ಲಿವೆ. ಬಾವಿಗೆ ಊರಿನ ಹೆಸರಿಗಿಂತ ಸಂಖ್ಯೆಯೇ ಮುಖ್ಯ. ಅಳತೆ ಮೀಟರುಗಳಲ್ಲಿ, ನಮ್ಮ ರೈತನ ಲೆಕ್ಕವಾದರೋ ಅಡಿಗಳಲ್ಲಿ. ಇವೆಲ್ಲಕ್ಕಿಂತ ಮಿಗಿಲಾಗಿ, ಯಾರೋ ಅಳೆದ ಅಂಕಿಯನ್ನು ರೈತನು ತನ್ನದೆಂದು ನಂಬುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನೀರಿನ ಲೆಕ್ಕಕ್ಕೆ ನಾಲ್ಕು ಮೆಟ್ಟಿಲುಗಳುಂಟು: ಅಳೆಯುವುದು, ತೆರೆದಿಡುವುದು, ಎಟುಕಿಸುವುದು, ನಂಬಿಕೆ ಹುಟ್ಟಿಸುವುದು. ಮೊದಲಿನ ಎರಡನ್ನು ಸರಕಾರವೊಂದೇ ಮಾಡಬಹುದು. ಕೊನೆಯ ಎರಡಕ್ಕೆ ಪಾಲುಗಾರರು ಬೇಕು.

ಇದಕ್ಕೆ ನಮ್ಮ ಗಡಿಯಾಚೆಯೇ ಒಂದು ನಿದರ್ಶನವಿದೆ. ನಮ್ಮ ಪಾವಗಡವನ್ನು ಬಹುಪಾಲು ಸುತ್ತುವರಿದಿರುವುದು ಆಂಧ್ರದ ನೆಲವೆಂಬುದು ಎಲ್ಲರಿಗೂ ತಿಳಿದ ವಿಷಯ. 2000ದ ನಂತರದ ಮೊದಲ ದಶಕದಲ್ಲಿ, ಆಗಿನ ಅವಿಭಜಿತ ಆಂಧ್ರಪ್ರದೇಶದ ಅನಂತಪುರ, ಕಡಪ, ಕರ್ನೂಲು, ಚಿತ್ತೂರು, ಪ್ರಕಾಶಂ, ನಲ್ಗೊಂಡ, ಮಹಬೂಬ್‌ನಗರ ಎಂಬ ಏಳು ಬರಪೀಡಿತ ಜಿಲ್ಲೆಗಳಲ್ಲಿ ‘ರೈತರೇ ನಿರ್ವಹಿಸುವ ಅಂತರ್ಜಲ ಪದ್ಧತಿ’ ಎಂಬ ಯೋಜನೆ ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನೆರವಿತ್ತಿತು. ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳು ಊರೂರಲ್ಲಿ ದುಡಿದವು. ಅಳೆಯುವ ಕೆಲಸವನ್ನು ರೈತರೂ ರೈತ ಮಹಿಳೆಯರೂ ವಹಿಸಿಕೊಂಡರು. ಅವರು ದಿನದಿನದ ಮಳೆಯನ್ನು ಅಳೆದರು. ಗೊತ್ತುಮಾಡಿದ ಬಾವಿಗಳಲ್ಲಿ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ನೋಡಿದರು. ಅದನ್ನು ಊರ ನಡುವಿನ ಫಲಕದ ಮೇಲೆ ಬರೆದರು. ಮುಂಗಾರು ಮುಗಿದು ಹಿಂಗಾರಿನ ಬಿತ್ತನೆಗೆ ಮುಂಚೆ ಎಲ್ಲರೂ ಕೂಡಿ ‘ಬೆಳೆಯ ನೀರಿನ ಆಯವ್ಯಯ’ ಮಾಡಿದರು: ಈ ವರ್ಷ ನೆಲಕ್ಕೆ ಇಂಗಿದ್ದು ಇಷ್ಟು, ನೀವೆಲ್ಲ ಬೆಳೆಯಬೇಕೆಂದಿರುವ ಬೆಳೆಗಳಿಗೆ ಬೇಕಾದದ್ದು ಇಷ್ಟು, ಕೊರತೆ ಇಷ್ಟು.

ಈ ಯೋಜನೆಯ ವಿಶೇಷವಿರುವುದು ಅದು ಮಾಡದೆ ಬಿಟ್ಟದ್ದರಲ್ಲಿ. ಅದು ಯಾರಿಗೂ ಭತ್ತ ಬೆಳೆಯಬೇಡವೆಂದು ಆಜ್ಞಾಪಿಸಲಿಲ್ಲ. ಸಹಾಯಧನದ ಆಸೆ ತೋರಿಸಲಿಲ್ಲ. ನಾಳೆಯವರಿಗಾಗಿ ಇಂದು ತ್ಯಾಗ ಮಾಡಿರೆಂದು ಉಪದೇಶಿಸಲಿಲ್ಲ. ಲೆಕ್ಕವನ್ನು ಮುಂದಿಟ್ಟು ಸುಮ್ಮನಾಯಿತು. ನೀರು ಸಾಲದೆಂದು ತಿಳಿದ ಮೇಲೆ ಅನೇಕ ರೈತರು ತಮ್ಮ ಬೆಳೆ ಒಣಗಿಹೋದೀತೆಂಬ ಸ್ವಂತದ ಭಯದಿಂದಲೇ ಭತ್ತವನ್ನು ತಗ್ಗಿಸಿ ಕಡಿಮೆ ನೀರಿನ ಬೆಳೆಗಳ ಕಡೆಗೆ ತಿರುಗಿದರು. ಸ್ವಾರ್ಥ ಮತ್ತು ಪರಾರ್ಥ ಒಂದೇ ದಾರಿಯಲ್ಲಿ ನಡೆದ ಅಪರೂಪದ ಸಂದರ್ಭವಿದು. ಆದರೆ ಹೊಗಳಿಕೆಯಲ್ಲಿ ಮಿತಿ ತಪ್ಪಬಾರದು. ಈ ಯೋಜನೆಯನ್ನು ಆಮೇಲೆ ಪರಿಶೀಲಿಸಿದ ಕೆಲವರು, ಫಲ ಎಲ್ಲ ಕಡೆಯಲ್ಲಿಯೂ ಮೊದಲು ಹೇಳಿದಷ್ಟು ದೊಡ್ಡದಾಗಿರಲಿಲ್ಲವೆಂದು ಸಂದೇಹಪಟ್ಟಿದ್ದಾರೆ. ಅಳತೆಯನ್ನು ಬಿಡದೆ ನಡೆಸಿಕೊಂಡು ಹೋಗುವವರು ಊರಿನಲ್ಲಿಯೇ ಇರಬೇಕೆಂಬುದು ನಾನು ಇದರಿಂದ ಕಲಿತ ಪಾಠ. 2019ರ ಡಿಸೆಂಬರ್ 25ರಂದು ಆರಂಭವಾದ ‘ಅಟಲ್ ಭೂಜಲ ಯೋಜನೆ’ಯೂ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ನೀರಿನ ಆಯವ್ಯಯ ಮಾಡಿಸುವ ಈ ಮಾರ್ಗವನ್ನೇ ಹಿಡಿಯಿತು. ಅಂತರ್ಜಲದ ಅಂಕಿಗಳನ್ನು ಜನರ ಮುಂದೆ ತೆರೆದಿಡುವುದನ್ನು ಅದು ಹಣ ಬಿಡುಗಡೆಯ ಗುರಿಗಳಲ್ಲಿ ಒಂದನ್ನಾಗಿ ಇಟ್ಟಿತು.

ದೊಡ್ಡ ಪ್ರಮಾಣದಲ್ಲಿಯೂ ಈ ತತ್ತ್ವ ಸುಳ್ಳಲ್ಲ. ಕಾವೇರಿಯ ವಿವಾದವನ್ನೇ ನೋಡಿರಿ. ಯಾರಿಗೆಷ್ಟು ಎಂಬ ಬಗ್ಗೆ ಎರಡು ರಾಜ್ಯಗಳು ಜಗಳವಾಡುತ್ತ ಬಂದಿವೆ. ಆದರೆ ಗಡಿ ದಾಟಿದ್ದು ಎಷ್ಟು ಎಂಬುದನ್ನು ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ ಅಳೆಯುವವರು ಕೇಂದ್ರ ಜಲ ಆಯೋಗದವರು, ಎರಡೂ ಪಕ್ಷದವರಲ್ಲ. ಆ ಒಂದು ಅಂಕಿ ಎರಡಕ್ಕೂ ಸಾಮಾನ್ಯವಾಗಿರುವುದರಿಂದಲೇ ವಾದಕ್ಕೆ ನಿಲ್ಲಲು ಒಂದು ನೆಲವಿದೆ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 270ರಿಂದ 284.75 ಟಿ.ಎಂ.ಸಿ.ಗೆ ಏರಿಸಿತು. ಹೀಗೆ ಹೆಚ್ಚಿದ 14.75ರಲ್ಲಿ 4.75 ಬೆಂಗಳೂರಿನ ಅಗತ್ಯಕ್ಕೆಂದು. ಉಳಿದ 10 ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದುದರಿಂದ. ಕಣ್ಣಿಗೆ ಕಾಣದ ನೀರನ್ನು ಪುಸ್ತಕದಲ್ಲಿ ಬರೆದದ್ದರಿಂದಲೇ ಪಾಲು ಬದಲಾಯಿತೆಂಬುದನ್ನು ಗಮನಿಸಬೇಕು. ಬಿಡುವ ನೀರಿಗೆ ಬೆಲೆಯುಂಟು, ಬರೆದಿಟ್ಟ ಲೆಕ್ಕಕ್ಕೂ ಬೆಲೆಯುಂಟು.

ಇವನ್ನೆಲ್ಲ ಓದಿದ ಉತ್ಸಾಹದಲ್ಲಿ ಎರಡನೆಯ ವರ್ಷದ ದಸರಾ ರಜೆಯಿಂದ ನಾನೂ ಇಬ್ಬರು ಗೆಳೆಯರೂ ನಮ್ಮ ಊರಿನಲ್ಲಿ ಬಾವಿ ಅಳೆಯಲಾರಂಭಿಸಿದೆವು. ಭೂಗೋಳದ ಅಧ್ಯಾಪಕರು ಹೇಳಿಕೊಟ್ಟಂತೆ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ತೂಕದ ತಗಡಿನ ಡಬ್ಬಿ ಕಟ್ಟಿದೆವು. ನೀರು ತಗುಲಿದಾಗ ‘ಟಪ್’ ಎಂಬ ಸದ್ದು ಬರುತ್ತದೆ, ಗಂಟು ಎಣಿಸಿದರಾಯಿತು. ಮೋಟಾರು ಇಳಿಸಿದ ಕೊಳವೆ ಬಾವಿಗಳಲ್ಲಿ ಹಗ್ಗ ಇಳಿಯುವುದಿಲ್ಲ. ಆದುದರಿಂದ ಬತ್ತಿಲ್ಲದ ಎರಡು ತೆರೆದ ಬಾವಿಗಳೂ ಬಳಕೆ ತಪ್ಪಿದ ನಾಲ್ಕು ಕೊಳವೆ ಬಾವಿಗಳೂ ಸೇರಿ ಆರು ಮಾತ್ರ ನಮಗೆ ದೊರೆತವು.

ಮೊದಲ ತಿಂಗಳ ಅಂಕಿಗಳೆಲ್ಲ ವ್ಯರ್ಥವಾದವು. ಒಂದೇ ಬಾವಿಗೆ ನನ್ನ ಲೆಕ್ಕಕ್ಕೂ ಗೆಳೆಯನ ಲೆಕ್ಕಕ್ಕೂ ಎರಡಡಿ ವ್ಯತ್ಯಾಸ ಬಂತು. ನಾನು ನೆಲದಿಂದ ಅಳೆದಿದ್ದೆ, ಅವನು ಕಟ್ಟೆಯ ಮೇಲಿನಿಂದ ಅಳೆದಿದ್ದ! ಇನ್ನೊಂದು ಕಡೆ ಪಕ್ಕದ ಮೋಟಾರು ನಡೆಯುತ್ತಿದ್ದಾಗ ಅಳೆದುದರಿಂದ ನೀರು ಸುಳ್ಳು ಹೇಳಿತ್ತು. ಅಂದಿನಿಂದ ಅಂಕಿಯ ಜೊತೆಗೆ ನಾಲ್ಕು ಮಾತುಗಳನ್ನು ಬರೆಯುವ ನಿಯಮ ಮಾಡಿಕೊಂಡೆವು: ಯಾವ ಬಾವಿ, ಯಾವ ದಿನ ಯಾವ ಹೊತ್ತು, ಎಲ್ಲಿಂದ ಅಳೆದದ್ದು, ಹತ್ತಿರದ ಮೋಟಾರು ನಿಂತಿತ್ತೇ. ಈ ನಾಲ್ಕು ಮಾತುಗಳಿಲ್ಲದ ಅಂಕಿ ಅಂಕಿತವಿಲ್ಲದ ಪತ್ರದಂತೆ, ಯಾರೂ ನಂಬಲಾರರು. ಲೆಕ್ಕವನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಬೇಕಾದರೆ ಮೊದಲು ಅದನ್ನು ಒಂದೇ ರೀತಿ ಬರೆಯಲು ಒಪ್ಪಬೇಕೆಂಬ ಪಾಠವನ್ನು ನಾವು ಹಗ್ಗ ಹಿಡಿದು ಕಲಿತೆವು.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶಾಲೆಯ ಹೊರಗೋಡೆಯ ಮೇಲೆ ಕಪ್ಪು ಬಣ್ಣದ ಚೌಕ ಬಳಿದು ಅಂಕಿಗಳನ್ನು ಬರೆದೆವು. ಆಕ್ಷೇಪಣೆಗಳು ಬಾರದಿರಲಿಲ್ಲ. ‘ನನ್ನ ಬಾವಿ ಬತ್ತಿದ್ದನ್ನು ಗೋಡೆಯ ಮೇಲೆ ಬರೆದರೆ ನಾಳೆ ನನ್ನ ಹೊಲಕ್ಕೆ ಬೆಲೆ ಬಂದೀತೆ?’ ಎಂದರು ಒಬ್ಬ ಹಿರಿಯರು. ‘ಲೆಕ್ಕ ಕೊಟ್ಟರೆ ಸರಕಾರ ಮೋಟಾರಿಗೆ ಮೀಟರು ಹಾಕುತ್ತದೆ’ ಎಂದರು ಇನ್ನೊಬ್ಬರು. ಇವು ತಳ್ಳಿಹಾಕತಕ್ಕ ಮಾತುಗಳಲ್ಲ. ಗಂಗಾ, ಬ್ರಹ್ಮಪುತ್ರ, ಸಿಂಧೂ ನದಿಗಳ ಹರಿವಿನ ಅಂಕಿಗಳನ್ನು ಭದ್ರತೆಯ ಕಾರಣದಿಂದ ಸರಕಾರ ಗುಪ್ತವೆಂದು ವರ್ಗೀಕರಿಸಿದೆಯಷ್ಟೆ. ಆ ಹಿರಿಯರ ಭಯವೂ ಚಿಕ್ಕ ಪ್ರಮಾಣದಲ್ಲಿ ಅದೇ ಜಾತಿಯದು. ನಾವು ಮಾಲೀಕರ ಹೆಸರುಗಳನ್ನು ಅಳಿಸಿ, ಬಾವಿಗಳಿಗೆ ‘ಬೇವಿನ ಮರದ್ದು’, ‘ಗುಡ್ಡದ ಕೆಳಗಿನದು’ ಎಂದು ಗುರುತು ಕೊಟ್ಟೆವು. ಊರೆಲ್ಲರಿಗೂ ಯಾರದೆಂದು ಗೊತ್ತಿತ್ತೆನ್ನಿ. ಆದರೂ ಕೇಳಿ ಬದಲಾಯಿಸಿದೆವೆಂಬುದಕ್ಕೆ ಅವರು ಸಮಾಧಾನಗೊಂಡರು. ತನ್ನ ಮಾಹಿತಿಯನ್ನು ಕೊಡುವವನಿಗೆ ಅದು ಹೇಗೆ ಬಳಕೆಯಾಗಬೇಕೆಂದು ಹೇಳುವ ಅಧಿಕಾರವಿರಬೇಕು. ಅದಿಲ್ಲದೆ ಪಾಲುಗಾರಿಕೆಯೆಂಬ ಮಾತಿಗೆ ಅರ್ಥವಿಲ್ಲ.

ಮಾಘಮಾಸ ಕಳೆದ ಮೇಲೆ ಆರರಲ್ಲಿ ಐದು ಬಾವಿಗಳ ಅಂಕಿ ತಿಂಗಳಿಂದ ತಿಂಗಳಿಗೆ ಕೆಳಗಿಳಿಯಿತು. ಆ ಬೇಸಗೆಯಲ್ಲಿಯೇ ನಮ್ಮ ತಂದೆಯವರು ತಾಯಿಯ ಬಳೆಗಳನ್ನು ಅಡವಿಟ್ಟು ಎರಡನೆಯ ಕೊಳವೆ ಬಾವಿ ಕೊರೆಸುವ ಯೋಚನೆಯಲ್ಲಿದ್ದರು. ನಾನು ಏನೂ ಹೇಳಲಿಲ್ಲ. ಒಂದು ಸಂಜೆ ಅವರು ಶಾಲೆಯ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದುದನ್ನು ಕಂಡೆ. ಮನೆಗೆ ಬಂದು, ‘ಈ ವರ್ಷ ಬೇಡ, ರಾಗಿ, ತೊಗರಿ ಸಾಕು’ ಎಂದರು. ಬಳೆಗಳು ತಾಯಿಯ ಕೈಯಲ್ಲಿ ಉಳಿದವು. ನಿಜ ಹೇಳಬೇಕೆಂದರೆ ಅದೇ ಬೇಸಗೆಯಲ್ಲಿ ನೆರೆಯವರೊಬ್ಬರು ಗೋಡೆಯನ್ನು ಲೆಕ್ಕಿಸದೆ ಕೊರೆಸಿದರು; ಅವರಿಗೆ ಎರಡಂಗುಲ ನೀರೂ ಬಂತು. ಲೆಕ್ಕವು ಜ್ಯೋತಿಷ್ಯವಲ್ಲ. ಅದು ಹೇಳುವುದು ಅಪಾಯ ಎಷ್ಟೆಂಬುದನ್ನು ಮಾತ್ರ. ಆದರೆ ಅಪಾಯವನ್ನು ಅರಿತು ಮುನ್ನುಗ್ಗುವುದಕ್ಕೂ ಕತ್ತಲೆಯಲ್ಲಿ ಕಾಲಿಡುವುದಕ್ಕೂ ಭೇದವಿದೆ. ನಮ್ಮ ತಂದೆಯವರು ಮೊದಲ ಸಲ ಕಾಲಿಟ್ಟದ್ದು ಕತ್ತಲೆಯಲ್ಲಿ. ಎರಡನೆಯ ಸಲ ಅವರ ಕೈಯಲ್ಲಿ ಒಂದು ದೀಪವಿತ್ತು.

ಮಿತ್ರರೇ, ನಮ್ಮ ಕಾಲೇಜಿಗೆ ಬರುವವರಲ್ಲಿ ಹಳ್ಳಿಯವರೇ ಹೆಚ್ಚು. ನಾವು ಪ್ರತಿಯೊಬ್ಬರೂ ನಮ್ಮ ನಮ್ಮ ಊರಿನ ಎರಡು ಬಾವಿಗಳನ್ನು ತಿಂಗಳಿಗೊಮ್ಮೆ ಅಳೆದು, ಒಂದೇ ಕ್ರಮದಲ್ಲಿ ಬರೆದು, ಭೂಗೋಳ ವಿಭಾಗದ ಒಂದು ಪುಸ್ತಕದಲ್ಲಿ ಕೂಡಿಸಿದರೆ ತಾಲ್ಲೂಕಿನ ಒಂದು ಚಿತ್ರ ತಾನಾಗಿ ಸಿದ್ಧವಾಗುತ್ತದೆ. ಇಲಾಖೆಯ ಅಂಕಿಗಳನ್ನು ಕನ್ನಡಕ್ಕೆ ತಂದು, ಮೀಟರನ್ನು ಅಡಿಗೆ ತಿರುಗಿಸಿ ಊರ ಗೋಡೆಗೆ ಬರೆಯುವ ಕೆಲಸವನ್ನು ಕನ್ನಡ ಓದುವ ವಿದ್ಯಾರ್ಥಿಗಳು ಮಾಡಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆಯೇ ಎಂಬ ಪರೀಕ್ಷೆಗೆ ನೆರೆಯ ವಿಜ್ಞಾನ ಕಾಲೇಜಿನವರ ನೆರವು ಕೇಳಬಹುದು. ಅಧ್ಯಾಪಕರು ದಾರಿ ತೋರಲಿ, ಪಂಚಾಯಿತಿ ಗೋಡೆ ಕೊಡಲಿ, ಇಲಾಖೆ ತನ್ನ ಪುಸ್ತಕ ತೆರೆಯಲಿ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ಅಂಕಿಗಳಿಗೂ ಸಲ್ಲುತ್ತದೆ.

ನಾವು ಮೂವರು ಈ ವರ್ಷ ಕಾಲೇಜು ಬಿಟ್ಟು ಹೋಗುತ್ತಿದ್ದೇವೆ. ಗಂಟಿನ ಹಗ್ಗವನ್ನು ಊರಿನ ಶಾಲೆಯ ಏಳನೆಯ ತರಗತಿಯ ಇಬ್ಬರು ಹುಡುಗಿಯರಿಗೆ ಕೊಟ್ಟಿದ್ದೇವೆ. ಹೋದ ತಿಂಗಳ ಅಂಕಿಯನ್ನು ಗೋಡೆಯ ಮೇಲೆ ಬರೆದವರು ಅವರೇ. ಬಾವಿಯನ್ನು ಎಲ್ಲಿಂದ ಅಳೆದರೆಂಬುದನ್ನೂ ಅವರು ಕೆಳಗೆ ಬರೆದಿದ್ದರು.